ಬಸದಿ, ವಸತಿ ಮತ್ತು ಬ್ಯೂನಸ್ ಐರಿಸಿನ ಒಂದು ಕೋಣೆ

ಸಂಸ್ಕೃತದ ‘ವಸತಿ’ ಕನ್ನಡದಲ್ಲಿ ‘ಬಸದಿ’ಯಾಯಿತೆಂಬುದು ತದ್ಭವದ ಪಾಠದಲ್ಲಿ ತಪ್ಪದೆ ಬರುವ ಉದಾಹರಣೆ. ಹಲವು ವರ್ಷಗಳಿಂದ ನಾನೂ ಅದನ್ನು ತರಗತಿಯಲ್ಲಿ ಹೇಳುತ್ತ ಬಂದಿದ್ದೇನೆ. ತಂಗುದಾಣ ಎಂಬ ಸಾಮಾನ್ಯ ಅರ್ಥದ ಮಾತೊಂದು ಜಿನಾಲಯಕ್ಕೆ ರೂಢಿಯ ಹೆಸರಾದುದನ್ನು ಅರ್ಥವ್ಯತ್ಯಾಸದ ನಿದರ್ಶನವೆಂದು ಹೇಳಿ ಮುಂದಿನ ಪದಕ್ಕೆ ಹೋಗುವುದು ನನ್ನ ಅಭ್ಯಾಸವಾಗಿತ್ತು. ಆ ಪದದ ಬಳಿ ಸ್ವಲ್ಪ ಹೊತ್ತು ನಿಲ್ಲುವಂತೆ ಮಾಡಿದ್ದು, ಕಳೆದ ವರ್ಷ ಅರ್ಜೆಂಟೀನಾದ ರಾಜಧಾನಿ ಬ್ಯೂನಸ್ ಐರಿಸಿನಲ್ಲಿ ಒಂಬತ್ತು ರಾತ್ರಿಗಳಿಗೆ ಅಗ್ಗದ ಕೋಣೆಯೊಂದನ್ನು ಹುಡುಕಬೇಕಾಗಿ ಬಂದ ಪ್ರಸಂಗ.

ಜುಲೈ ಮೊದಲ ವಾರದಲ್ಲಿ ಅಲ್ಲಿ ನಡೆಯಲಿದ್ದ ವಿದ್ವದ್ಗೋಷ್ಠಿಯೊಂದರಲ್ಲಿ ನಿಸಿದಿ ಶಾಸನಗಳನ್ನು ಕುರಿತು ಪ್ರಬಂಧ ಮಂಡಿಸಲು ಆಹ್ವಾನ ಬಂದಿತ್ತು. ನನ್ನ ವಿಮಾನದ ಖರ್ಚು ಆಹ್ವಾನಿಸಿದವರದು. ವಸತಿಯ ವೆಚ್ಚವೂ ಜೊತೆಗೆ ಬರಲಿದ್ದ ನನ್ನ ಪತ್ನಿಯ ಟಿಕೆಟ್ಟೂ ನಮ್ಮದೇ. ಪ್ರೌಢಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದ ಆಕೆಗೆ ರವೀಂದ್ರನಾಥ ಠಾಕೂರರು ಆ ನಗರದಲ್ಲಿ ತಂಗಿದ್ದ ಕಥೆ ಬಾಲ್ಯದಿಂದ ಪರಿಚಿತ. 1924ರಲ್ಲಿ ಪೆರು ದೇಶಕ್ಕೆ ಹೊರಟಿದ್ದ ಕವಿ ದಾರಿಯಲ್ಲಿ ಅಸ್ವಸ್ಥರಾಗಿ ಬ್ಯೂನಸ್ ಐರಿಸಿನ ಹೋಟೆಲೊಂದರಲ್ಲಿ ಇಳಿದುಕೊಂಡರು. ಲೇಖಕಿ ವಿಕ್ಟೋರಿಯಾ ಒಕಾಂಪೊ ಅವರನ್ನು ನಗರದ ಉತ್ತರಕ್ಕೆ ಪ್ಲಾತಾ ನದಿಯ ಮೇಲಣ ಸಾನ್ ಇಸಿದ್ರೊದ ಮನೆಯೊಂದಕ್ಕೆ ಕರೆದೊಯ್ದರು. ಕೆಲವೇ ದಿನಗಳ ತಂಗುವಿಕೆ ಸುಮಾರು ಎರಡು ತಿಂಗಳಿಗೆ ಬೆಳೆಯಿತು. ಮರುವರ್ಷ ಬಂದ ‘ಪೂರಬಿ’ ಸಂಕಲನವನ್ನು ಕವಿ ‘ವಿಜಯಾ’ ಎಂಬ ಹೆಸರಿನಲ್ಲಿ ಆಕೆಗೇ ಅರ್ಪಿಸಿದರು. ಆ ನದಿಯ ದಂಡೆಯನ್ನು ಒಮ್ಮೆ ನೋಡಬೇಕೆಂಬುದಷ್ಟೇ ನನ್ನ ಪತ್ನಿಯ ಆಸೆ.

ಹುಡುಕಾಟಕ್ಕೆ ಮೊದಲು ಎಲ್ಲೆಯೊಂದನ್ನು ಹಾಕಿಕೊಂಡೆ: ಇಬ್ಬರಿಗೂ ಸೇರಿ ದಿನಕ್ಕೆ ನಾಲ್ಕು ಸಾವಿರ ರೂಪಾಯಿ. ಶ್ರಾವಕಾಚಾರವನ್ನು ಓದಿದವರಿಗೆ ಇದು ಹೊಸ ಕ್ರಮವಲ್ಲ. ಪರಿಗ್ರಹ ಪರಿಮಾಣವೆಂದರೆ ವಸ್ತು ಕಣ್ಣೆದುರಿಗೆ ಬರುವ ಮೊದಲೇ ಮಿತಿಯನ್ನು ನಿಶ್ಚಯಿಸುವುದು. ಬಂದ ಮೇಲೆ ನಿಶ್ಚಯಿಸಿದರೆ ಅದು ಮಿತಿಯಲ್ಲ, ಸಮರ್ಥನೆ. ಕ್ಷೇತ್ರಕ್ಕೂ ಹೀಗೆಯೇ ಮಿತಿಯುಂಟು. ತತ್ತ್ವಾರ್ಥಸೂತ್ರವು ದಿಗ್ವ್ರತದ ಬೆನ್ನಿಗೇ ದೇಶವ್ರತವನ್ನು ಹೇಳಿದರೆ, ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರವು ಅದನ್ನೇ ದೇಶಾವಕಾಶಿಕವೆಂದು ಕರೆದು ಶಿಕ್ಷಾವ್ರತಗಳಲ್ಲಿ ಸೇರಿಸುತ್ತದೆ. ಮನೆ, ಗ್ರಾಮ, ಹೊಲ, ನದಿ ಮುಂತಾದವನ್ನು ಎಲ್ಲೆಯಾಗಿ ಇಟ್ಟುಕೊಂಡು ಇಷ್ಟು ಕಾಲ ಇಷ್ಟರೊಳಗೇ ಇರುತ್ತೇನೆಂದು ಸಂಕಲ್ಪಿಸುವುದು ಅದರ ರೀತಿ. ಭೂಗೋಳದ ಆಚೆ ಮಗ್ಗುಲಿಗೆ ಹಾರುವವನು ದಿಗ್ವ್ರತದ ಮಾತಾಡುವುದು ಹಾಸ್ಯಾಸ್ಪದವಾದೀತು. ಆದರೆ ಹೋಗಿ ಇಳಿದ ಮೇಲೆ ನಗರದ ಯಾವ ಭಾಗದಲ್ಲಿ, ಎಷ್ಟು ದೂರದೊಳಗೆ ಇರಬೇಕೆಂಬ ಪ್ರಶ್ನೆಗೆ ದೇಶಾವಕಾಶಿಕವೇ ನನಗೆ ದಾರಿ ತೋರಿಸಿತು.

ಬ್ಯೂನಸ್ ಐರಿಸ್ ಆಡಳಿತದ ದೃಷ್ಟಿಯಿಂದ 48 ಬಡಾವಣೆಗಳ ನಗರ. ಪ್ರವಾಸಿಗರು ಹೆಚ್ಚಾಗಿ ಹೇಳುವ ಹೆಸರು ಪಲೆರ್ಮೊ. ಮರಗಳ ಸಾಲು, ಉದ್ಯಾನ, ಉಪಾಹಾರಗೃಹಗಳಿಂದ ಕೂಡಿದ ಆ ಭಾಗದ ದರ ನನ್ನ ಮಿತಿಯನ್ನು ದಾಟುತ್ತಿತ್ತು. ನನ್ನ ಗೋಷ್ಠಿ ಕಬಾಯಿತೊ ಬಡಾವಣೆಯಲ್ಲಿ, ವಿಶ್ವವಿದ್ಯಾಲಯದ ತತ್ತ್ವಶಾಸ್ತ್ರ ಮತ್ತು ಸಾಹಿತ್ಯ ವಿಭಾಗವಿರುವ ಪುವಾನ್ ಬೀದಿಯ ಬಳಿ. ಅಲ್ಲಿಗೆ ಸುರಂಗ ರೈಲಿನ ‘ಎ’ ಮಾರ್ಗದಲ್ಲಿ ಪುವಾನ್ ಎಂಬ ನಿಲ್ದಾಣವೇ ಇದೆ. 1913ರಲ್ಲಿ ಆರಂಭವಾದ ಈ ಮಾರ್ಗ ಲ್ಯಾಟಿನ್ ಅಮೆರಿಕದಲ್ಲೇ ಮೊದಲನೆಯದು; ಬೆಲ್ಜಿಯಂನಲ್ಲಿ ತಯಾರಾದ ಮರದ ಬೋಗಿಗಳು ಅದರಲ್ಲಿ ನೂರು ವರ್ಷ, 2013ರವರೆಗೂ ಓಡಿದವು. ಮಾಯೊ ಚೌಕದಿಂದ ಹೊರಟು ಮಾಯೊ ಹೆದ್ದಾರಿಯ ಕೆಳಗೆ ಸಂಸತ್ ಭವನದತ್ತ ಹೋಗುವ ಈ ಮಾರ್ಗದ ಆಸುಪಾಸಿನ ಮೊನ್ಸೆರ‍್ರಾತ್, ಬಾಲ್ವನೇರಾ ಬಡಾವಣೆಗಳಲ್ಲಿ ಹಳೆಯ ಕಾಲದ ಸಣ್ಣ ಹೋಟೆಲುಗಳು ಸಾಕಷ್ಟಿವೆ. ‘ಎ’ ಮಾರ್ಗದ ನಿಲ್ದಾಣದಿಂದ ಐದು ನಿಮಿಷದ ನಡಿಗೆ: ಇದು ನನ್ನ ಎರಡನೆಯ ಎಲ್ಲೆಯಾಯಿತು.

ಈ ಹುಡುಕಾಟದಲ್ಲಿ ನಗರದ ಅಗ್ಗದ ವಸತಿಯ ಚರಿತ್ರೆಯೂ ಕಣ್ಣಿಗೆ ಬಿತ್ತು. ಇಂದು ಭಾನುವಾರದ ಸಂತೆಗೆ ಹೆಸರಾದ ಸಾನ್ ತೆಲ್ಮೊ ಹಿಂದೆ ಸಿರಿವಂತರು ನೆಲೆಸಿದ್ದ ಬಡಾವಣೆ. 1871ರಲ್ಲಿ ಹಳದಿ ಜ್ವರ ನಗರವನ್ನು ಧ್ವಂಸಮಾಡಿದಾಗ ಉಳ್ಳವರು ಉತ್ತರದ ಕಡೆಗೆ ಸರಿದರು. ಅವರು ಬಿಟ್ಟುಹೋದ ಅಂಗಳದ ದೊಡ್ಡ ಮನೆಗಳನ್ನು ಕೋಣೆ ಕೋಣೆಯಾಗಿ ಬಾಡಿಗೆಗೆ ಕೊಡಲಾಯಿತು. ಇಟಲಿ, ಸ್ಪೇನುಗಳಿಂದ ಹಡಗಿನಲ್ಲಿ ಬಂದಿಳಿದ ಬಡವರು ಕೋಣೆಗೊಂದು ಸಂಸಾರದಂತೆ ಅಲ್ಲಿ ತುಂಬಿಕೊಂಡರು. ಅಂಥ ಮನೆಗೆ ಅಲ್ಲಿಯ ಹೆಸರು ‘ಕೊನ್ವೆಂತಿಯೊ’. ಸ್ಪ್ಯಾನಿಷಿನಲ್ಲಿ ‘ಕೊನ್ವೆಂತೊ’ ಎಂದರೆ ಮಠ. ‘ಕೊನ್ವೆಂತಿಯೊ’ ಎಂದರೆ ಪುಟ್ಟ ಮಠ. ಇದನ್ನು ಓದಿದಾಗ ನನಗೆ ತದ್ಭವದ ಪಾಠ ನೆನಪಾಯಿತು. ನಮ್ಮಲ್ಲಿ ತಂಗುದಾಣದ ಹೆಸರು ದೇವಸ್ಥಾನಕ್ಕೆ ಸಂದಿತು. ಅಲ್ಲಿ ಮಠದ ಹೆಸರು ಬಡವರ ತಂಗುದಾಣಕ್ಕೆ ಬಂದಿತು. ಆ ಹೆಸರಿನಲ್ಲಿ ಗೌರವಕ್ಕಿಂತ ವ್ಯಂಗ್ಯವೇ ಹೆಚ್ಚು. ಏರುತ್ತಲೇ ಹೋದ ಬಾಡಿಗೆಯ ವಿರುದ್ಧ 1907ರಲ್ಲಿ ಕೊನ್ವೆಂತಿಯೊಗಳ ನಿವಾಸಿಗಳು ಬಾಡಿಗೆ ಕೊಡುವುದನ್ನೇ ನಿಲ್ಲಿಸಿ, ಶೇಕಡ 30ರಷ್ಟು ಇಳಿಸಬೇಕೆಂದು ಪಟ್ಟುಹಿಡಿದರು. ಹೆಂಗಸರೂ ಮಕ್ಕಳೂ ಕೈಯಲ್ಲಿ ಪೊರಕೆ ಹಿಡಿದು ಬೀದಿಯಲ್ಲಿ ಮೆರವಣಿಗೆ ಹೊರಟದ್ದು ಆ ಚಳವಳಿಯ ಗುರುತಾಗಿ ಉಳಿದಿದೆ.

ಇದಕ್ಕೆ ಮರುಬದಿಯೊಂದೂ ಉಂಟು. 1876ರ ವಲಸೆ ಕಾನೂನಿನ ಪ್ರಕಾರ ಹಡಗಿನಿಂದಿಳಿದ ವಲಸಿಗನಿಗೆ ಐದು ದಿನ ಸರ್ಕಾರದ ವೆಚ್ಚದಲ್ಲಿ ಊಟ, ವಸತಿ ದೊರೆಯುತ್ತಿತ್ತು. ಕಾಯಿಲೆ ಬಿದ್ದವನಿಗೆ ಅವಧಿ ಹೆಚ್ಚುತ್ತಿತ್ತು. ಅದಕ್ಕಾಗಿ ಬಂದರಿನ ಪಕ್ಕದಲ್ಲಿ 1911ರಲ್ಲಿ ತೆರೆದ ‘ವಲಸಿಗರ ಹೋಟೆಲ್’ 1953ರವರೆಗೆ ನಡೆಯಿತು. ಈಗ ಅದು ವಸ್ತುಸಂಗ್ರಹಾಲಯ.

ಇಷ್ಟೆಲ್ಲ ತಿಳಿದ ಮೇಲೂ ನಾನು ಮಾಡಿದ್ದು ಬರಿಯ ದರದ ಹುಡುಕಾಟವನ್ನೇ. ರಾತ್ರಿಗೆ 32 ಡಾಲರಿನ ಕೋಣೆಯೊಂದು ಸಿಕ್ಕಿತು. ‘ಅಡುಗೆಮನೆ ಉಂಟು’ ಎಂದಿದ್ದರು. ಸಂತೋಷದಿಂದ ಕಾಯ್ದಿರಿಸಿ ಪತ್ನಿಗೆ ತೋರಿಸಿದೆ. ಆಕೆ ಕೇಳಿದ್ದು ಒಂದೇ ಪ್ರಶ್ನೆ: “ಅಲ್ಲಿ ಸೂರ್ಯ ಎಷ್ಟು ಹೊತ್ತಿಗೆ ಮುಳುಗ್ತಾನೆ?”

ನಾನದನ್ನು ಯೋಚಿಸಿರಲಿಲ್ಲ. ನಮ್ಮ ಜುಲೈ ಅವರ ನಡುಚಳಿಗಾಲ. ತಿಂಗಳ ಆರಂಭದಲ್ಲಿ ಸೂರ್ಯೋದಯ ಬೆಳಗ್ಗೆ ಎಂಟರ ಸುಮಾರಿಗೆ, ಅಸ್ತ ಸಂಜೆ ಆರಕ್ಕೆ ಐದಾರು ನಿಮಿಷ ಮೊದಲು. ನನ್ನ ಪತ್ನಿ ಅನಸ್ತಮಿತ ವ್ರತವನ್ನು ಕಟ್ಟುನಿಟ್ಟಾಗಿ ಪಾಲಿಸುವವಳು: ಉದಯದ ನಂತರ ಎರಡು ಗಳಿಗೆ, ಅಸ್ತಕ್ಕೆ ಮುಂಚೆ ಎರಡು ಗಳಿಗೆ ಬಿಟ್ಟು ನಡುವಿನ ಹೊತ್ತಿನಲ್ಲೇ ಆಹಾರ. ಗಳಿಗೆಯೆಂದರೆ 24 ನಿಮಿಷ. ಲೆಕ್ಕ ಹಾಕಿದರೆ ಎಂಟೂ ಐವತ್ತರಿಂದ ಐದೂ ಐದರೊಳಗೆ ಎಲ್ಲ ಮುಗಿಯಬೇಕು. ಆ ನಗರದಲ್ಲಾದರೋ ಊಟದ ಮನೆಗಳು ರಾತ್ರಿ ಎಂಟರ ಮೇಲೆ ಬಾಗಿಲು ತೆರೆಯುತ್ತವೆ, ಒಂಬತ್ತು ಹತ್ತಕ್ಕೆ ತುಂಬುತ್ತವೆ. ದನದ ಮಾಂಸವೇ ಅಲ್ಲಿಯ ಹೆಮ್ಮೆಯ ಊಟ. ಬೆಳಗಿನ ಉಪಾಹಾರದ ಅರ್ಧಚಂದ್ರಾಕಾರದ ‘ಮೆದಿಯಾಲೂನಾ’ ಕೂಡ ಎರಡು ಬಗೆ. ಬೆಣ್ಣೆಯದು ಒಂದು, ಪ್ರಾಣಿಯ ಕೊಬ್ಬಿನದು ಇನ್ನೊಂದು. ಹೀಗಿರುವಾಗ ಅಡುಗೆಮನೆ ಅಲಂಕಾರವಲ್ಲ, ವ್ರತದ ಆಧಾರ. ಕಾಯ್ದಿರಿಸಿದ ಸ್ಥಳಕ್ಕೆ ಬರೆದು ಕೇಳಿದಾಗ, ಹಂಚಿಕೊಳ್ಳುವ ಆ ಅಡುಗೆಮನೆಯನ್ನು ಸಂಜೆ ಏಳಕ್ಕೆ ತೆರೆಯುತ್ತೇವೆಂದು ಉತ್ತರ ಬಂತು.

“ನನ್ನಿಂದ ನಿಮಗೆ ತೊಂದರೆ ಆಗೋದಾದ್ರೆ ನಾನು ಬರಲ್ಲ, ನೀವು ಹೋಗಿಬನ್ನಿ” ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನ್ನನ್ನು ಕುಗ್ಗಿಸಿತು. ‘ಪ್ರವಾಸದಲ್ಲಿ ಸ್ವಲ್ಪ ಸಡಿಲ ಮಾಡಿಕೊಂಡರಾಯಿತು’ ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ನಾನು ಸ್ವತಃ ಹಲವು ಬಾರಿ ಹಾಗೆ ಸಡಿಲ ಮಾಡಿಕೊಂಡವನು. ಶ್ರಾವಕಾಚಾರದ ಪಾಠಾಂತರಗಳನ್ನು ಚರ್ಚಿಸುವ ನಾನು ಅದನ್ನು ಆಚರಿಸುವವಳನ್ನು ಮನೆಯಲ್ಲಿ ಬಿಟ್ಟು, ಸಲ್ಲೇಖನದ ಶಾಸನಗಳನ್ನು ಕುರಿತು ಮಾತಾಡಲು ಹೊರಟಿದ್ದೆ.

ಆ ರಾತ್ರಿ ರತ್ನಕರಂಡಕವನ್ನು ಮತ್ತೆ ತೆರೆದೆ. ದಾನ ನಾಲ್ಕೆಂದು ನಾವೆಲ್ಲ ಬಲ್ಲೆವು: ಆಹಾರ, ಔಷಧ, ಶಾಸ್ತ್ರ, ಅಭಯ. ಆದರೆ ಸಮಂತಭದ್ರರ ಎಣಿಕೆಯಲ್ಲಿ ಆಹಾರ, ಔಷಧಗಳ ಜೊತೆಗಿರುವುದು ಉಪಕರಣ ಮತ್ತು ಆವಾಸ. ಶಾಸ್ತ್ರವು ಉಪಕರಣದ ಜಾಗದಲ್ಲಿ ನಿಂತಂತೆ ಅಭಯವು ಆವಾಸದ ಜಾಗದಲ್ಲಿ ನಿಂತಿದೆ. ಎರಡು ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ, ತಂಗಲು ಎಡೆ ಕೊಡುವುದೂ ಅಂಜಿಕೆಯನ್ನು ಕಳೆಯುವುದೂ ಒಂದೇ ಕೆಲಸದ ಎರಡು ಹೆಸರುಗಳಂತೆ ನನಗೆ ಕಂಡವು. ನಮ್ಮ ಬಸದಿಗಳ ದಾನಶಾಸನಗಳು ಖಂಡಸ್ಫುಟಿತ ಜೀರ್ಣೋದ್ಧಾರದ ಜೊತೆಗೇ ಋಷಿಯರ ಆಹಾರದಾನವನ್ನೂ ಹೇಳುವುದೇಕೆಂಬುದೂ ಹೊಳೆಯಿತು. ಹೊತ್ತಿಗೆ ಸರಿಯಾಗಿ ತಕ್ಕ ಆಹಾರ ದೊರೆಯದ ಕಡೆ ಸೂರಿದ್ದರೂ ಅದು ವಸತಿಯಾಗದು. ವಲಸಿಗರ ಹೋಟೆಲಿನ ಕಾನೂನು ಬರೆದವರಿಗೂ ಇದು ತಿಳಿದಿತ್ತು. 32 ಡಾಲರು ಉಳಿಸಹೊರಟ ನನಗೆ ತಿಳಿದಿರಲಿಲ್ಲ.

ಕಾಯ್ದಿರಿಸಿದ್ದನ್ನು ರದ್ದುಮಾಡಿದೆ, ಮೊದಲ ರಾತ್ರಿಯ ಬಾಡಿಗೆ ಹೋಯಿತು. ಈ ಬಾರಿ ಇಬ್ಬರೂ ಕೂಡಿ ಹುಡುಕಿದೆವು. ಕೋಣೆಯೊಳಗೇ ಒಲೆ, ಶೀತಪೆಟ್ಟಿಗೆಗಳಿರುವ ‘ಅಪಾರ್ಟ್ ಹೋಟೆಲ್’ ಎಂಬ ಬಗೆಯಲ್ಲಿ, ಸಂಸತ್ ಚೌಕದ ಹಿಂದಿನ ಬೀದಿಯ ಒಂದು ಹಳೆಯ ಕಟ್ಟಡ ಒಪ್ಪಿಗೆಯಾಯಿತು. ಬೀದಿಗೆ ಮುಖಮಾಡಿದ ಕೋಣೆಗಿಂತ ಒಳಅಂಗಳದ ಕೋಣೆ ಅಗ್ಗ, ನಿಶ್ಶಬ್ದ; ಆದರೆ ಬೆಳಕು ಕಡಮೆ. ತೆರಿಗೆ ಸೇರಿ 54 ಡಾಲರ್ ಎಂದಿದ್ದರು. ವಿದೇಶೀಯರು ಪಾಸ್‌ಪೋರ್ಟ್ ತೋರಿಸಿ ಹೊರದೇಶದ ಕಾರ್ಡಿನಿಂದ ಪಾವತಿಸಿದರೆ ವಸತಿಯ ಮೇಲಿನ ಶೇಕಡ 21ರ ಮೌಲ್ಯವರ್ಧಿತ ತೆರಿಗೆಯಿಂದ ಅಲ್ಲಿ ವಿನಾಯಿತಿ ಇದೆ. ನಗದು ಕೊಟ್ಟರೆ ಇಲ್ಲ. ಆ ವಿನಾಯಿತಿಯಿಂದ ದರ 45 ಡಾಲರಿನೊಳಗೆ ಬಂದು ನನ್ನ ಮಿತಿ ಉಳಿಯಿತು. 2023ರಲ್ಲಿ ಶೇಕಡ 211.4ರ ಹಣದುಬ್ಬರವನ್ನು ಕಂಡ ದೇಶ ಅದು. ಪೆಸೊ ಲೆಕ್ಕದ ಹಳೆಯ ದರಪಟ್ಟಿಗಳನ್ನು ನಂಬದೆ ಡಾಲರಿನಲ್ಲಿ ಬರೆಹದ ಖಚಿತಪತ್ರ ಪಡೆದುಕೊಂಡೆವು. ಚಳಿಗಾಲವಾದ್ದರಿಂದ ಕೋಣೆಯನ್ನು ಬೆಚ್ಚಗಿಡುವ ವ್ಯವಸ್ಥೆ ಇದೆಯೇ ಎಂದೂ ಕೇಳಿದೆವು. ಇಂಥ ಹೋಟೆಲಿಗೆ ಬರೆಯುವವರು ‘ಅಡುಗೆಮನೆ ಇದೆಯೇ’ ಎಂದಲ್ಲ, ‘ಹಗಲೆಲ್ಲ ಬಳಸಬಹುದೇ’ ಎಂದು ಕೇಳಬೇಕೆಂಬುದು ನಾನು ಬೆಲೆ ಕೊಟ್ಟು ಕಲಿತ ಪಾಠ.

ಹೋಗಿ ಬಂದೆವು. ಅಲ್ಲಿ ‘ವೆರ್ದುಲೆರೀಯಾ’ ಎನ್ನುವ ತರಕಾರಿ ಅಂಗಡಿ ಬೀದಿಗೊಂದರಂತೆ ಸಿಗುತ್ತದೆ. ಗೆಡ್ಡೆಗೆಣಸು, ಈರುಳ್ಳಿ ಬಿಟ್ಟರೂ ಕುಂಬಳಕಾಯಿ, ಸೊಪ್ಪುಗಳಿಗೆ ಕೊರತೆಯಿಲ್ಲ. ಕಾಳು, ಅಕ್ಕಿ, ಒಣಹಣ್ಣುಗಳಿಗೆ ‘ದಿಯೆತೇತಿಕಾ’ ಎಂಬ ಅಂಗಡಿಗಳಿವೆ. ಜಿನೋವಾದಿಂದ ಬಂದ ವಲಸಿಗರು ತಂದ ‘ಫೈನಾ’ ಎಂಬ ತಿನಿಸು ಕಡಲೆಹಿಟ್ಟು, ನೀರು, ಎಣ್ಣೆ, ಉಪ್ಪುಗಳಿಂದಾದದ್ದೆಂದು ತಿಳಿದಾಗ ನನ್ನ ಪತ್ನಿ ನಕ್ಕುಬಿಟ್ಟಳು. ಗೋಷ್ಠಿಯ ದಿನಗಳಲ್ಲಿ ನಾನು ಡಬ್ಬಿ ಒಯ್ದು ನಾಲ್ಕೂವರೆಯ ಚಹಾ ವಿರಾಮದಲ್ಲಿ ಉಣ್ಣುತ್ತಿದ್ದೆ. ಉಳಿದ ದಿನಗಳಲ್ಲಿ ನಾಲ್ಕಕ್ಕೆಲ್ಲ ಕೋಣೆಗೆ ಮರಳುತ್ತಿದ್ದೆವು. ಸಾನ್ ಇಸಿದ್ರೊಗೆ ಹೋದ ದಿನ ನದಿಯ ದಂಡೆಯಲ್ಲಿ ಇನ್ನಷ್ಟು ಹೊತ್ತು ಕೂರಬೇಕೆಂಬ ಆಸೆ ಇಬ್ಬರಿಗೂ ಇತ್ತು; ಆಕೆಯೇ ಗಡಿಯಾರ ನೋಡಿ ಎದ್ದಳು.

ಒಂದು ಸಂಜೆ ಕೆಳಗಿನ ಕಚೇರಿಯಲ್ಲಿ ಕೂರುತ್ತಿದ್ದ ವೃದ್ಧೆ, ಕೀಲಿ ಕೊಡುತ್ತ, ನೀವು ಇಷ್ಟು ಬೇಗ ಊಟ ಮಾಡುವುದೇಕೆಂದು ಕೇಳಿದರು. ನನ್ನ ಅರೆಬರೆ ಸ್ಪ್ಯಾನಿಷಿನಲ್ಲಿ ಅಹಿಂಸೆಯನ್ನು ವಿವರಿಸಲು ನಾನು ತಡವರಿಸುತ್ತಿರುವಾಗ, ಪತ್ನಿ ಕಿಟಕಿಯ ಹೊರಗಿನ ಇಳಿಬಿಸಿಲನ್ನು ತೋರಿಸಿ, ಬೆರಳಿನಿಂದ ಸಣ್ಣ ಹುಳುವೊಂದು ಹಾರುವಂತೆ ಅಭಿನಯಿಸಿ, ಕಣ್ಣು ಮುಚ್ಚಿ ತೆರೆದಳು. ಕತ್ತಲಲ್ಲಿ ಕಾಣುವುದಿಲ್ಲ ಎಂಬಷ್ಟೇ ಅರ್ಥ. ಆ ತಾಯಿ ತಲೆದೂಗಿದರು. ಮರುದಿನ ನಾವು ಹಿಂದಿರುಗುವ ಹೊತ್ತಿಗೆ ನಮ್ಮ ಕೋಣೆಗೆ ಇನ್ನೊಂದು ಮೇಜುದೀಪ ಬಂದಿತ್ತು.

ಈ ವರ್ಷವೂ ತದ್ಭವದ ಪಾಠ ಬಂತು. ‘ವಸತಿ, ಬಸದಿ’ ಎಂದು ಹಲಗೆಯ ಮೇಲೆ ಬರೆದು ಮುಂದಿನ ಪದಕ್ಕೆ ಹೋಗಲಿಲ್ಲ. ಶಾಸನವೊಂದನ್ನು ಓದಿಸಿ, ಅದರಲ್ಲಿ ಬಸದಿಗೆ ಬಿಟ್ಟ ಭೂಮಿಯಲ್ಲಿ ಆಹಾರಕ್ಕೆಂದು ಎಷ್ಟು ಪಾಲು ಇಟ್ಟಿದ್ದಾರೆಂದು ಹುಡುಕಿ ಬರೆಯಿರಿ ಎಂದು ವಿದ್ಯಾರ್ಥಿಗಳಿಗೆ ಹೇಳಿದೆ.