ಬೆಳ್ಳಿಯ ರೂಪಾಯಿ ಹೇಳದ ಮಾತು

ಉಣ್ಣುವ ವಸ್ತುವನ್ನು ಅರಿತು ಉಣ್ಣಬೇಕೆಂಬುದು ಬಹು ಸಣ್ಣ ಮಾತು. ಈ ಶಾಲೆಯ ಹಳೆಯ ವಿದ್ಯಾರ್ಥಿಯಾದ ನನಗೆ ಅದನ್ನು ಕಲಿಯಲು ಆಯುಷ್ಯದ ಬಹುಭಾಗವೇ ಹಿಡಿಯಿತು.

ನನ್ನ ಹುಟ್ಟೂರು ಹಾನಗಲ್ಲ ತಾಲೂಕಿನ ಪಡುವಣ ಅಂಚಿನಲ್ಲಿ, ಭತ್ತದ ಗದ್ದೆಗಳ ನಡುವೆ ಇರುವ ಒಂದು ಹಳ್ಳಿ. ಮುಂಗಾರಿನ ಗುಡುಗು ಮೊಳಗಿದ ಮೇಲೆ ಹುತ್ತಗಳ ಮಗ್ಗುಲಲ್ಲಿ ಅಣಬೆಗಳು ಏಳುತ್ತಿದ್ದವು. ಗುಡುಗೇ ಅವನ್ನು ಹುಟ್ಟಿಸುತ್ತದೆಂದು ಹಿರಿಯರು ನಂಬಿದ್ದರು. ವಾಸ್ತವವಾಗಿ ಅದು ಗೆದ್ದಲಿನ ಒಕ್ಕಲುತನ. ತಾನು ತಂದ ಕಸಕಡ್ಡಿಯ ಮೇಲೆ ಅದು ಹುತ್ತದೊಳಗೆ ಶಿಲೀಂಧ್ರವನ್ನು ಸಾಕಿ ಉಣ್ಣುತ್ತದೆ. ಮಳೆಯ ತೇವ ಸಿಕ್ಕಾಗ ಆ ಶಿಲೀಂಧ್ರವೇ ಕೊಡೆಯಾಗಿ ಮೇಲೆ ಬರುತ್ತದೆ. ಅದರ ಕಾಂಡ ಬೇರಿನಂತೆ ಹುತ್ತದ ಆಳಕ್ಕೆ ಇಳಿದಿರುತ್ತದೆ.

ಹತ್ತು ವರ್ಷದವನಿದ್ದಾಗ ನಾನು ಈ ಗುರುತನ್ನು ನೋಡದೆ, ಹುಲ್ಲುಗಾವಲಿನಲ್ಲಿ ಕಂಡ ದೊಡ್ಡ ಬಿಳಿಯ ಕೊಡೆಗಳನ್ನು ಉಡಿತುಂಬ ಕಿತ್ತು ತಂದೆ. ಅವ್ವ ರೂಢಿಯಂತೆ ಕುದಿಯುವ ಸಾರಿನಲ್ಲಿ ಬೆಳ್ಳಿಯ ರೂಪಾಯಿ ಹಾಕಿ ನೋಡಿದಳು. ಅದು ಕಪ್ಪಾಗಲಿಲ್ಲ. ಎಲ್ಲರೂ ಉಂಡೆವು. ರಾತ್ರಿಯೆಲ್ಲ ವಾಂತಿಭೇದಿ. ಮೂರು ವರ್ಷದ ತಂಗಿ ಎರಡು ದಿನ ಕಣ್ಣು ತೆರೆಯಲಿಲ್ಲ. ಆಕೆ ಉಳಿದದ್ದು ನಮ್ಮ ಪುಣ್ಯ. ಅವ್ವ ನನ್ನನ್ನು ಬೈಯಲಿಲ್ಲ. ಅಣಬೆ ಬೇಯಿಸಿದ ಗಡಿಗೆಯನ್ನು ಹಿತ್ತಲಿಗೆ ಒಯ್ದು ಒಡೆದಳು.

ಮುಂದೆ ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳಲ್ಲಿ ಮೂವತ್ತು ವರ್ಷ ವಿಜ್ಞಾನ ಬೋಧಿಸಿದೆ. ಕರಿಹಲಗೆಯ ಮೇಲೆ ಅಣಬೆಯ ಚಿತ್ರ ಬರೆದು ಭಾಗಗಳನ್ನು ಗುರುತಿಸುತ್ತಿದ್ದೆ. ಮನೆಯಲ್ಲಿ ಮಾತ್ರ ಅದರ ಹೆಸರೆತ್ತಲು ಬಿಡುತ್ತಿರಲಿಲ್ಲ. ನಮ್ಮ ಮನೆಯ ಕಥೆಯನ್ನು ಒಬ್ಬ ವಿದ್ಯಾರ್ಥಿಗೂ ಹೇಳಲಿಲ್ಲ. ನಾಚಿಕೆ ತಡೆದಿತ್ತು.

ಕಳೆದ ವರ್ಷ ಮಗಳು ಬೆಂಗಳೂರಿನಿಂದ ಲಯನ್ಸ್ ಮೇನ್, ಎಂದರೆ ಸಿಂಹದ ಕೇಸರವೆಂಬ ಅಣಬೆಯನ್ನು ತಂದಳು. ಅದಕ್ಕೆ ಕೊಡೆಯಿಲ್ಲ, ಕೊಡೆಯಡಿಯ ಪದರಗಳಿಲ್ಲ. ಬಿಳಿಯ ಮುದ್ದೆಯೊಂದರಿಂದ ಮೆತ್ತನೆಯ ಮುಳ್ಳುಗಳು ಜಡೆಯಂತೆ ಇಳಿಬಿದ್ದಿದ್ದವು. ಚೀನದವರು ಅದನ್ನು ಮಂಗನ ತಲೆಯ ಅಣಬೆಯೆನ್ನುತ್ತಾರೆ. ಜಪಾನಿನವರು ಯಾಮಾಬುಶಿಗಳೆಂಬ ಬೆಟ್ಟದ ತಪಸ್ವಿಗಳ ಹೆಸರಿನಿಂದ ಕರೆಯುತ್ತಾರೆ. ಶೀತ ದೇಶಗಳ ಕಾಡುಮರಗಳ ಕಾಂಡದ ಮೇಲೆ ಬೆಳೆಯುವ ಇದನ್ನು ಈಗ ಮರದ ಹೊಟ್ಟು ತುಂಬಿದ ಚೀಲಗಳಲ್ಲಿ, ತಂಪಾದ ಕೋಣೆಗಳಲ್ಲಿ ಬೆಳೆಸುತ್ತಾರೆ. ಇಷ್ಟೆಲ್ಲ ಓದಿ ತಿಳಿದರೂ ನನ್ನ ಕೈ ಮುಂದಾಗಲಿಲ್ಲ.

ಹಬ್ಬಕ್ಕೆಂದು ಬಂದಿದ್ದ ತಂಗಿ ನಕ್ಕು, "ಅಣ್ಣಾ, ಸತ್ತು ಬದುಕಿದಾಕಿ ನಾ, ಹೆದರಾವ ನೀ ಏನು?" ಎಂದು ಒಲೆಯ ಮುಂದೆ ಕುಳಿತಳು. ಅದನ್ನು ಎಳೆಎಳೆಯಾಗಿ ಸೀಳಿ, ಎಣ್ಣೆಯಿಲ್ಲದ ಹಂಚಿನ ಮೇಲೆ ಒತ್ತಿ ಒತ್ತಿ ಬಾಡಿಸಿದಳು. ಬಿಟ್ಟ ನೀರೆಲ್ಲ ಆರಿದ ಮೇಲೆ ಎಣ್ಣೆ, ಬೆಳ್ಳುಳ್ಳಿ, ಉಪ್ಪು, ಬ್ಯಾಡಗಿ ಮೆಣಸಿನ ಪುಡಿ ಹಾಕಿ ಅಂಚು ಕೆಂಪಾಗುವವರೆಗೆ ಹುರಿದಳು. ಜೋಳದ ರೊಟ್ಟಿಯೊಡನೆ ಮೊದಲ ತುತ್ತನ್ನು ತಾನೇ ಉಂಡಳು. ಎರಡನೆಯದು ನನ್ನದು. ರುಚಿ ಸವಿಯಾಗಿತ್ತು, ಗಂಟಲು ಮಾತ್ರ ಕಟ್ಟಿತ್ತು.

ಹುಲ್ಲುಗಾವಲಿನ ಅಣಬೆಗೆ ನಾನು ಇಂದಿಗೂ ಕೈಹಚ್ಚುವುದಿಲ್ಲ. ಬೆಳ್ಳಿಯಾಗಲಿ ಬೆಳ್ಳುಳ್ಳಿಯಾಗಲಿ ಅದರ ವಿಷವನ್ನು ತೋರಿಸಿಕೊಡವು. ಬಲ್ಲವರ ಕಣ್ಣೊಂದೇ ಅದಕ್ಕೆ ಒರೆಗಲ್ಲು. ಮೂವತ್ತು ವರ್ಷ ತರಗತಿಯಲ್ಲಿ ನಾನು ಹೇಳದೆ ಉಳಿಸಿದ ಈ ಪಾಠವನ್ನು ಶಿಕ್ಷಕಮಿತ್ರರು ಮಕ್ಕಳಿಗೆ ಹೇಳಲೆಂದು ಇಲ್ಲಿ ಬರೆದಿದ್ದೇನೆ.