ಸಂಜೆ ಏಳರ ಬ್ಯಾಟರಿ ಯಾರದು?

ಸಂಜೆ ಏಳಕ್ಕೆ ದುರ್ಗದಬೈಲು ಹೆಂಗಿರ್ತೈತಿ ಅಂತ ನಿಮಗೇನು ಹೇಳೋದು? ಗಿರ್ಮಿಟ್ಟು, ಮಿರ್ಚಿ, ದೋಸೆ ಹಂಚಿನ ಹೊಗೆ, ಸಾಲು ಬಲ್ಬು, ಕಾಲಿಡಲು ಜಾಗ ಇಲ್ಲದಷ್ಟು ಗದ್ದಲ. ಅದೇ ಹೊತ್ತಿಗೆ ಪಾವಗಡದ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಮಲಗಿರುತ್ತದೆ. ಬಿಸಿಲಿನ ಕರೆಂಟು ಮುಗಿದಾಗಲೇ ಮನೆ, ಅಂಗಡಿ, ಬೀದಿದೀಪ ಎಲ್ಲ ಒಟ್ಟಿಗೆ ಕರೆಂಟು ಕೇಳುತ್ತವೆ. ಉತ್ಪಾದನೆ, ಬೇಡಿಕೆ ಎರಡೂ ಸರಿಹೊಂದದಿದ್ದರೆ ಫ್ರೀಕ್ವೆನ್ಸಿ 50 ಹರ್ಟ್ಸ್‌ನಿಂದ ಜಾರುತ್ತದೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಲೈನ್ ಚಾಲೂ ಆದಾಗಿನಿಂದ ದಕ್ಷಿಣದ ಗ್ರಿಡ್ಡೂ ದೇಶದ ಗ್ರಿಡ್ಡೂ ಒಂದೇ ತಾಳಕ್ಕೆ ಓಡುತ್ತಿವೆ.

ಇದಕ್ಕೆ ನಾವು ಕ್ಲಾಸಿನಲ್ಲಿ ಕಲಿತ ಒಂದು ಉತ್ತರ ‘ವಿ-ಟು-ಜಿ’. ಅಂದ್ರೆ ಚಾರ್ಜ್ ಆಗಿ ನಿಂತ ಗಾಡಿಗಳು ಸಂಜೆ ಗ್ರಿಡ್‌ಗೆ ಕರೆಂಟು ವಾಪಸ್ ಕೊಡೋದು. ಗಾಡಿಗೆ 2 ಕಿಲೋವ್ಯಾಟ್ ಹಿಡಿದರೆ 500 ಗಾಡಿಗೆ 1 ಮೆಗಾವ್ಯಾಟ್. ಲೆಕ್ಕ ಚಲೋ ಐತಿ. ಇದನ್ನ ದುರ್ಗದಬೈಲಿನಲ್ಲಿ ಎಲೆಕ್ಟ್ರಿಕ್ ಆಟೋ ಓಡಿಸುವ ಕಾಕಾ ಒಬ್ಬರಿಗೆ ಹೇಳಿದೆ.

“ಏ ತಮ್ಮಾ, ನಾ ದುಡಿಯೂ ಹೊತ್ತಿನ್ಯಾಗ ನನ್ನ ಬ್ಯಾಟ್ರಿ ಕೇಳಿದ್ರ ಹೆಂಗಪಾ? ಅದು ಸವದ್ರ ಹೊಸಾದು ಯಾರ ಕೊಡಸ್ತಾರ?”

ಎರಡೂ ಸರಿಯಾದ ಪ್ರಶ್ನೆ. ಗ್ರಿಡ್‌ನ ಪೀಕ್ ಅವರೇ ಅವರ ಪೀಕ್ ಅವರ್. ಕರೆಂಟು ತುಂಬಿ ತೆಗೆದಷ್ಟೂ ಬ್ಯಾಟರಿ ಸವೆಯೋದು ನಿಜ.

ಹಂಗಂತ ಆಟೋದಿಂದ ಗ್ರಿಡ್‌ಗೆ ಉಪಯೋಗ ಇಲ್ಲ ಅಂತಲ್ಲ. ಬಾಡಿಗೆ ಕಡಿಮೆ ಇರುವ ಮಧ್ಯಾಹ್ನ ಚಾರ್ಜ್ ಮಾಡಿಕೊಂಡರೆ ಸಾಕು. ಬಿಸಿಲಿನ ಕರೆಂಟು ಬಳಕೆಗೆ ಬರ್ತದೆ, ಸಂಜೆಯ ಹೊರೆ ಇಳೀತದೆ. ವಾಪಸ್ ಕೊಡೋ ಚಾರ್ಜರ್ ಬೇಕಿಲ್ಲ. ಕೇಂದ್ರದ 2023ರ ನಿಯಮವೂ ಸ್ಮಾರ್ಟ್ ಮೀಟರ್ ಇದ್ದವರಿಗೆ ಬಿಸಿಲು ಹೊತ್ತಿನ ದರ ಸಾಮಾನ್ಯ ದರಕ್ಕಿಂತ ಕನಿಷ್ಠ 20% ಕಡಿಮೆ ಇರಬೇಕು ಅನ್ನುತ್ತದೆ. ಆ ಲಾಭ ಆಟೋದವರ ಕೈಗೆ ಮುಟ್ಟಬೇಕು, ಅಷ್ಟೇ. ಅದಕ್ಕೆ ಸ್ಟ್ಯಾಂಡಿನ ಹತ್ತಿರವೇ ಚಾರ್ಜಿಂಗ್ ಪಾಯಿಂಟ್ ಬೇಕು.

ವಾಪಸ್ ಕೊಡೋ ಕೆಲಸಕ್ಕೆ ಬೇರೆ ಗಾಡಿ ಹುಡುಕೋಣ. ಕಾಲೇಜು ಬಸ್ಸನ್ನೇ ನೋಡ್ರಿ. ಮುಂಜಾನೆ ನಮ್ಮನ್ನು ಇಳಿಸಿ ಬಿಸಿಲಿನಲ್ಲಿ ನಿಲ್ಲುತ್ತದೆ, ಸಂಜೆ ಮನೆ ಮುಟ್ಟಿಸಿ ಮತ್ತೆ ಮರುದಿನದವರೆಗೆ ನಿಲ್ಲುತ್ತದೆ. ನಾಳೆ ಅದು ಎಲೆಕ್ಟ್ರಿಕ್ ಆದರೆ ಹಗಲು ತುಂಬಿಸಿ, ಬೆಳಗಿನ ಟ್ರಿಪ್ಪಿಗೆ ಬೇಕಾದಷ್ಟು ಉಳಿಸಿಕೊಂಡು, ಮಿಕ್ಕಿದ್ದನ್ನ ರಾತ್ರಿ ಕೊಡಬಹುದು. ಯಾರ ಹೊಟ್ಟೆ ಮೇಲೂ ಹೊಡೆತ ಬೀಳಲ್ಲ.

ಫೈನಲ್ ಇಯರ್ ಪ್ರಾಜೆಕ್ಟಿಗೆ ವಿಷಯ ಹುಡುಕ್ತಿರೋರು ಸಿಮ್ಯುಲೇಷನ್ ತೆರೆಯೋ ಮೊದಲು ಗಾಡಿಯ ಮಾಲೀಕರನ್ನ ಒಂದು ಮಾತು ಕೇಳ್ರಿ: ನಿಮ್ಮ ಗಾಡಿ ಯಾವಾಗ ಖಾಲಿ ನಿಂತಿರ್ತದೆ?