ಚೆರ್ರಿ ಹೂವಿನ ಬಣ್ಣ, ಮದ್ದೂರಿನ ಬಿಸಿಲು

ಪ್ರೀತಿಯ ಗೆಳತಿ,

ನಿನ್ನ ಕಾಗದ ಸಿಕ್ಕಿತು. ಬೆಸಗರಹಳ್ಳಿ ಅಂದರೆ ನಮ್ಮಂಥ ಓದುಗರಿಗೆ ಇಷ್ಟು ದಿನ ಡಾಕ್ಟರ್ ರಾಮಣ್ಣನವರ ಊರು, ಅವರ ಕಥೆಗಳ ಊರು. ಅಲ್ಲೊಂದು ಬ್ಯೂಟಿ ಪಾರ್ಲರ್ ಇದೆ, ಅದರ ಯಜಮಾನಿ ನನ್ನ ಬರಹ ಓದಿ ಜಗಳಕ್ಕೂ ಬರುತ್ತಾಳೆ ಅನ್ನುವುದು ನನಗೆ ಹೊಸ ಸುದ್ದಿ. ‘ಬಹುವಚನ ಬ್ಯಾಡ ಕಣಕ್ಕ’ ಅಂತ ಬರೆದಿದ್ದೀಯ. ಸರಿ, ಬಿಟ್ಟೆ.

ಬೆಂಗಳೂರಿನಲ್ಲಿ ಕೆಲಸಕ್ಕಿರುವ ನಿನ್ನ ಅಕ್ಕನ ಮಗಳು ಜಪಾನಿನ ಮೇಕಪ್ಪಿನ ದೊಡ್ಡ ಪಟ್ಟಿಯನ್ನೇ ಕಳಿಸಿದ್ದಾಳೆ, ಜೊತೆಗೆ ಎರಡು ಸೆಂಟು. ಈ ವಸಂತದ ಹೊಸ ಬಣ್ಣಗಳಂತೆ. ಚೈತ್ರ, ವೈಶಾಖದ ಮದುವೆಗಳಿಗೆ ತರಿಸಲಾ ಅಂತ ಕೇಳಿದ್ದೀಯ. ಸುತ್ತು ಬಳಸದೆ ಹೇಳಿಬಿಡುತ್ತೇನೆ. ವಸಂತದ ಬಣ್ಣಗಳನ್ನು ತರಿಸಬೇಡ. ಆಗಸ್ಟಿನವರೆಗೆ ತಾಳು. ಯಾಕೆ ಅಂತ ಮುಂದೆ ಓದು.

ಜಪಾನಿನ ಕಂಪನಿಗಳಿಗೆ ಋತು ಅಂದರೆ ಒಂದು ವ್ರತ. ಮರದಲ್ಲಿ ಮೊಗ್ಗು ಕಾಣುವ ಮುಂಚೆ, ಜನವರಿಯ ಚಳಿಯಲ್ಲೇ ವಸಂತದ ಬಣ್ಣಗಳು ಅಂಗಡಿಗೆ ಬರುತ್ತವೆ. ಆಗಸ್ಟಿನ ಸೆಕೆಯಲ್ಲಿ ಶರತ್ಕಾಲದವು. ವರ್ಷದ ಕೊನೆಗೆ ಕ್ರಿಸ್‌ಮಸ್ ಡಬ್ಬಿಗಳು, ಒಂದಿಷ್ಟೇ ಮಾಡಿ ಮಾರಿ ಮುಗಿಸುವಂಥವು. ಮುಗಿದುಹೋದೀತು ಅನ್ನುವ ಭಯವೇ ಅವರ ಅರ್ಧ ವ್ಯಾಪಾರ. ನಿನ್ನ ಅಕ್ಕನ ಮಗಳಿಗೂ ಆ ಭಯ ಹಿಡಿದ ಹಾಗಿದೆ. ‘ಬೇಗ ಹೇಳು ಚಿಕ್ಕಮ್ಮ, ಸ್ಟಾಕ್ ಖಾಲಿಯಾಗುತ್ತೆ’ ಅಂದಳಂತಲ್ಲ.

ಅವರ ವಸಂತದ ಬಣ್ಣ ಅಂದರೆ ಸಕುರಾ, ಚೆರ್ರಿ ಹೂವಿನ ಗುಲಾಬಿ. ಹಾಲು ಬೆರೆಸಿದಂಥ ತೆಳು ಗುಲಾಬಿ, ಒಳಗೆ ಬಿಳಿ ಜಾಸ್ತಿ. ನಮ್ಮ ಕಡೆಯ ಎಣ್ಣೆಗೆಂಪು, ಗೋಧಿ, ಕಪ್ಪು ಮೈಬಣ್ಣಗಳ ಮೇಲೆ ಆ ಬಿಳಿ ಬೂದಿ ಹೊಡೆಯುತ್ತದೆ. ಕೆನ್ನೆಗೆ ಹಚ್ಚಿದರೆ ಜ್ವರದಿಂದ ಎದ್ದು ಬಂದವಳ ಹಾಗೆ ಕಾಣುತ್ತಾಳೆ ಹುಡುಗಿ. ಅದರ ಮೇಲೆ ಕಲ್ಯಾಣ ಮಂಟಪದ ಟ್ಯೂಬ್‌ಲೈಟು, ಫೋಟೊದವನ ಫ್ಲ್ಯಾಶು. ಹೆಣ್ಣಿನ ಸೋದರತ್ತೆ ಬಂದು ‘ಇದೇನವ್ವ, ಮಗೀಗೆ ಸುಣ್ಣ ಬಳ್ದಿದ್ದೀಯ’ ಅಂದರೆ ನಿನ್ನ ಹತ್ತಿರ ಉತ್ತರವಿರುವುದಿಲ್ಲ.

ಆ ಎರಡು ಸೆಂಟುಗಳಲ್ಲಿ ಒಂದಾದ ಸಕುರಾದ್ದೂ ಒಂದು ತಮಾಷೆ ಇದೆ. ಚೆರ್ರಿ ಹೂವಿಗೆ ಹೇಳಿಕೊಳ್ಳುವಂಥ ಪರಿಮಳವೇ ಇಲ್ಲ. ಜಪಾನಿನವರು ‘ಸಕುರಾ ವಾಸನೆ’ ಎಂದು ಗುರುತಿಸುವುದು ಉಪ್ಪಿನಲ್ಲಿ ನೆನೆಸಿಟ್ಟ ಚೆರ್ರಿ ಎಲೆಯದನ್ನು. ಆ ಎಲೆಯನ್ನು ಅಕ್ಕಿಯ ಒಂದು ಸಿಹಿತಿಂಡಿಗೆ ಸುತ್ತುತ್ತಾರೆ. ಉಪ್ಪಿಗೆ ಬಿದ್ದ ಎಲೆಯಲ್ಲಿ ಕೂಮರಿನ್ ಎಂಬ ವಸ್ತು ಹುಟ್ಟಿ, ಒಣಹುಲ್ಲು ಮತ್ತು ಬಾದಾಮಿ ಸೇರಿದಂಥ ಘಮ ಬರುತ್ತದೆ. ಅವರಿಗೆ ಅದು ಊರ ಹಬ್ಬದ ನೆನಪು. ನಮಗೆ ಬರಿಯ ಸೀಸೆ.

ಆಗಸ್ಟಿಗೆ ತಾಳು ಅಂದೆನಲ್ಲ. ಅವರ ಶರತ್ಕಾಲದ ಬಣ್ಣ ಬೇರೆ: ಇಟ್ಟಿಗೆ ಕೆಂಪು, ಹುಣಸೆ ಕಂದು, ದ್ರಾಕ್ಷಾರಸದ ಬಣ್ಣ, ಹಣ್ಣೆಲೆಯ ಬಣ್ಣ. ಅವರಿಗೆ ಎಲೆ ಉದುರುವ ಕಾಲಕ್ಕೆಂದು ಮಾಡಿದ್ದು ನಮಗೆ ಶ್ರಾವಣಕ್ಕೆ ಬಂದು ಸೇರುತ್ತದೆ. ಆಷಾಢ ಕಳೆದಿರುತ್ತದೆ, ಲಗ್ನಗಳು ಮತ್ತೆ ಶುರುವಾಗಿರುತ್ತವೆ, ವರಮಹಾಲಕ್ಷ್ಮಿಗೆ ಎಲ್ಲರೂ ರೇಷ್ಮೆ ಉಡುತ್ತಾರೆ. ಕಡುಹಸಿರು ಸೀರೆ, ಜರಿಯಂಚು, ನಮ್ಮ ಮೈಬಣ್ಣ, ಇವು ಮೂರಕ್ಕೂ ಆ ಇಟ್ಟಿಗೆ ಕೆಂಪು ಹೇಳಿ ಮಾಡಿಸಿದ ಹಾಗಿರುತ್ತದೆ. ನಿನ್ನ ದುಡ್ಡನ್ನು ಅದಕ್ಕೆ ಇಟ್ಟುಕೋ.

ಜಪಾನಿನ ತುಟಿಯ ಕೆಂಪಿನ ಮೂಲ ಕೇಳಿದರೆ ನಿನಗೆ ನಗು ಬಂದೀತು. ಅವರ ಹಳೆಯ ಕೆಂಪಿಗೆ ‘ಬೆನಿ’ ಅಂತ ಹೆಸರು. ಅದು ಹುಟ್ಟುವುದು ಕುಸುಬೆ ಹೂವಿನಿಂದ! ನಮ್ಮ ವಿಜಯಪುರ, ಬಾಗಲಕೋಟೆಯ ಎರೆ ಹೊಲಗಳಲ್ಲಿ ಮೈತುಂಬ ಮುಳ್ಳು ಹೊತ್ತು ನಿಲ್ಲುತ್ತದಲ್ಲ, ಅದೇ ಕುಸುಬೆ. ನಾವು ಬೀಜ ಗಾಣಕ್ಕೆ ಹಾಕಿ ಎಣ್ಣೆ ತೆಗೆದೆವು, ಅವರು ಎಸಳು ಬಿಡಿಸಿ ಬಣ್ಣ ತೆಗೆದರು. ಎಸಳಿನ ಬಣ್ಣದಲ್ಲಿ ನೂರಕ್ಕೆ 99 ಪಾಲು ಹಳದಿ, ಕೆಂಪು ಇರುವುದು ಒಂದೇ ಪಾಲು. ಹಳದಿಯನ್ನು ನೀರಿನಲ್ಲಿ ತೊಳೆದು ಕಳೆದು, ಉಳಿದದ್ದನ್ನು ಹುಳಿಬರಿಸಿ, ಕುಟ್ಟಿ, ಬಿಲ್ಲೆ ಮಾಡಿ ಒಣಗಿಸುತ್ತಾರೆ. ಯಾಮಗಾತಾ ಎಂಬ ಸೀಮೆಯ ಈ ಬಿಲ್ಲೆಗಳು ಮೊಗಾಮಿ ನದಿಯ ದೋಣಿಗಳಲ್ಲಿ ಹೊರಟು ಕ್ಯೋಟೋ ಸೇರುತ್ತಿದ್ದವು. ಅಪ್ಪಟ ಬೆನಿಯನ್ನು ಪಿಂಗಾಣಿ ಬಟ್ಟಲಿನ ಒಳಮೈಗೆ ಬಳಿದಿಟ್ಟರೆ ಒಣಗಿ ಹಸಿರಾಗಿ ಮಿನುಗುತ್ತದೆ. ಒದ್ದೆ ಕುಂಚ ತಾಗಿಸಿದೆಯೋ, ಕೆಂಪು! 1825ರಲ್ಲಿ ಶುರುವಾದ ಇಸೆಹಾನ್ ಎಂಬ ಮನೆತನದ ಅಂಗಡಿ ಇವತ್ತಿಗೂ ಅದನ್ನು ಮಾಡುತ್ತದೆ. ನಿನ್ನ ಪಟ್ಟಿಯಲ್ಲಿ ‘ಹೀರೋಯಿನ್ ಮೇಕ್’ ಅಂತ ಒಂದು ಮಸ್ಕರಾ ಇದೆಯಲ್ಲ, ದೊಡ್ಡ ಕಣ್ಣಿನ ಕಾರ್ಟೂನ್ ರಾಜಕುಮಾರಿಯ ಚಿತ್ರದ್ದು, ಅದೂ ಅವರದೇ. ಇನ್ನೂರು ವರ್ಷದ ಕುಸುಬೆ ವ್ಯಾಪಾರಿ ಈಗ ರೆಪ್ಪೆಗೆ ಕಪ್ಪು ಹಚ್ಚುತ್ತಿದ್ದಾನೆ.

ಮಸ್ಕರಾ ಮಾತು ಬಂತು. ಈಗಲೇ ತರಿಸಬೇಕಾದ್ದು ಎರಡೇ, ಮೊದಲನೆಯದು ಮಸ್ಕರಾ. ‘ಧಾರೆ ಹೊತ್ಗೆ ಕಣ್ಕಪ್ಪೆಲ್ಲ ಬೆವರಿಗೆ ಹರ್ಕೊಂಡು ಹೋಯ್ತದೆ’ ಅಂತ ಬರೆದಿದ್ದೀಯಲ್ಲ. ಬೆವರಿಗಿಂತ ಕಣ್ಣೀರೇ ಹೆಚ್ಚು ಅಂತ ನನ್ನ ಅಂದಾಜು. ಹೆಣ್ಣು ಒಪ್ಪಿಸಿಕೊಡುವ ಹೊತ್ತಿಗೆ ತಾಯಿ ಮಗಳು ಇಬ್ಬರದೂ ಕೆನ್ನೆ ಮೇಲೆ ಕಪ್ಪು ಗೆರೆ. ಜಪಾನಿನವರು ಇದಕ್ಕೊಂದು ದಾರಿ ಕಂಡುಕೊಂಡಿದ್ದಾರೆ. ಅಲ್ಲಿ ಮಸ್ಕರಾ ಎರಡು ಜಾತಿ. ಒಂದು ನೀರಿಗೆ ಜಗ್ಗದ ಗಟ್ಟಿ ಜಾತಿ. ಅದನ್ನು ಎಣ್ಣೆಯಿಂದಲೋ ರಿಮೂವರಿನಿಂದಲೋ ತೆಗೆಯಬೇಕು, ಉಜ್ಜಿದರೆ ರೆಪ್ಪೆಯೂ ಕಿತ್ತು ಬರುತ್ತದೆ. ಇನ್ನೊಂದು ‘ಫಿಲ್ಮ್’ ಜಾತಿ. ರೆಪ್ಪೆಯ ಪ್ರತಿ ಕೂದಲಿಗೂ ಒಂದು ತೆಳು ಕವಚ ಕೂತುಕೊಳ್ಳುತ್ತದೆ. ಬೆವರು, ಕಣ್ಣೀರಿಗೆ ಸುಲಭವಾಗಿ ಬಿಡುವುದಿಲ್ಲ. 38ರಿಂದ 40 ಡಿಗ್ರಿಯ ಬೆಚ್ಚನೆ ನೀರಿನಲ್ಲಿ ನೆನೆಸಿದರೆ ಉಬ್ಬಿ, ಚಿಕ್ಕ ಚಿಕ್ಕ ಎಳೆಯಾಗಿ ಕಳಚಿ ಬರುತ್ತದೆ. ಮದುಮಗಳಿಗೆ ಇದೇ ಸರಿ. ಒಂದೇ ಎಚ್ಚರಿಕೆ: ಏಪ್ರಿಲ್ ಮಧ್ಯಾಹ್ನ ತಾರಸಿ ಮೇಲಿನ ಸಿಂಟೆಕ್ಸ್ ನೀರೇ ಅಷ್ಟು ಕಾದಿರುತ್ತದೆ. ಮುಹೂರ್ತಕ್ಕೆ ಮುಂಚೆ ಮುಖಕ್ಕೆ ಆ ನೀರು ಎರಚಿಕೊಳ್ಳಬೇಡ ಅಂತ ಹುಡುಗಿಗೆ ಹೇಳಿರು.

ಎರಡನೆಯದು ಸನ್‌ಸ್ಕ್ರೀನ್. ಡಬ್ಬಿ ಮೇಲೆ ಎಸ್‌ಪಿಎಫ್ ಪಕ್ಕದಲ್ಲಿ ‘ಪಿಎ’ ಅಂತ ಬರೆದು ಕೂಡಿಸುವ ಗುರುತು ಹಾಕಿರುತ್ತಾರೆ. ಆ ಪಿಎ ಲೆಕ್ಕ ಜಪಾನಿನದೇ, 1996ರಲ್ಲಿ ಅಲ್ಲಿನ ಸೌಂದರ್ಯವರ್ಧಕ ಉದ್ಯಮದ ಸಂಘ ತಂದದ್ದು. ಎಸ್‌ಪಿಎಫ್ ಹೇಳುವುದು ಮುಖ್ಯವಾಗಿ ಚರ್ಮ ಸುಡುವ ಕಿರಣದ ಲೆಕ್ಕ. ಪಿಎ ಹೇಳುವುದು ಚರ್ಮವನ್ನು ಕಪ್ಪಾಗಿಸಿ ಸುಕ್ಕುಗಟ್ಟಿಸುವ ಕಿರಣದ್ದು. 2013ರಿಂದ ನಾಲ್ಕು ಕೂಡಿಸುವ ಗುರುತಿನವರೆಗೂ ಉಂಟು. ಶಿಂಷಾ ಬಯಲಿನ ಬಿಸಿಲಿಗೆ ನಾಲ್ಕರದೇ ಬೇಕು. ನೀರುನೀರಾದ ಜೆಲ್ ತಗೋ. ಬಿಳಿ ಪದರ ಕಟ್ಟುವುದು ಕಡಿಮೆ, ಮೇಲೆ ಪೌಡರ್ ಹಾಕಿದರೂ ಕೂರುತ್ತದೆ. ಮದುಮಗಳಿಗಿಂತ ಮೊದಲು ನೀನೇ ಹಚ್ಚಿಕೋ. ಸ್ಕೂಟರಿನಲ್ಲಿ ಮದ್ದೂರು, ಕೊಪ್ಪ ಅಂತ ಬಿಸಿಲಲ್ಲಿ ಓಡಾಡುವವಳು ನೀನು.

ಪಟ್ಟಿಯಲ್ಲಿರುವ ಅಕ್ಕಿಯ ಕ್ರೀಮು, ಅಕ್ಕಿಯ ಲೋಷನ್ನು ನೋಡಿ ನನಗೆ ಮಂಡ್ಯದ ಅಭಿಮಾನ ಕೆರಳಿತು. ಜಪಾನಿನ ಹೆಂಗಸರು ಹಿಂದೆ ತೌಡನ್ನು ಬಟ್ಟೆಯ ಪುಟ್ಟ ಚೀಲದಲ್ಲಿ ಕಟ್ಟಿ, ನೀರಿಗೆ ಅದ್ದಿ, ಅದರಿಂದಲೇ ಮುಖ ತೊಳೆಯುತ್ತಿದ್ದರು. ಸೋಪಿನ ಕಾಲಕ್ಕೆ ಮುಂಚಿನ ಮಾತು. ನಾವು ಅದೇ ತೌಡು, ಅಕ್ಕಿ ತೊಳೆದ ನೀರನ್ನು ಕಲಗಚ್ಚಿಗೆ ಸುರಿದು ಎಮ್ಮೆಗೆ ಕುಡಿಸಿದೆವು. ಎಮ್ಮೆಯ ಮೈ ಮಿರಮಿರ ಮಿಂಚುವುದನ್ನು ದಿನಾ ನೋಡಿಯೂ ನಮಗೆ ಹೊಳೆಯಲಿಲ್ಲ! ನೀನು ಬೇಕಾದರೆ ಪಾರ್ಲರಿನಲ್ಲಿ ತೌಡಿನ ಚೀಲ ಮಾಡಿ ನೋಡು, ಆದರೆ ಮಿಲ್ಲಿನಿಂದ ಅವತ್ತೇ ತಂದದ್ದಿರಲಿ. ಭತ್ತ ಮಿಲ್ಲಾದ ಕೂಡಲೇ ತೌಡಿನೊಳಗಿನ ಎಣ್ಣೆ ಕೆಡಲು ಶುರುವಾಗುತ್ತದೆ, ಎರಡು ದಿನ ಇಟ್ಟರೆ ಕಮಟು ಹೊಡೆಯುತ್ತದೆ.

ಪಟ್ಟಿಯಲ್ಲಿ ಮುಖಕ್ಕೆ ಹಚ್ಚುವ ಎಸ್‌ಕೆ-ಟು ಎಂಬ ದುಬಾರಿ ನೀರೂ ಇದೆಯಲ್ಲ, ಅದರ ಕಥೆಯನ್ನು ಕಂಪನಿಯವರೇ ಹೇಳಿಕೊಂಡು ಬಂದಿದ್ದಾರೆ. ಅಕ್ಕಿಯ ಸಾಕೆ ಮದ್ಯ ತಯಾರಿಸುವ ಮುದುಕರ ಕೈ ಮಾತ್ರ ಎಳೆಯರ ಕೈಯಂತೆ ನುಣುಪಾಗಿತ್ತಂತೆ. ಅದು ಸಾಕೆಯ ಹುದುಗಿನೊಳಗಿನ ಯೀಸ್ಟಿನ ಗುಣ ಅಂತ ಕಂಡುಹಿಡಿದು ಸೀಸೆಗೆ ತುಂಬಿದರಂತೆ. ಮದ್ದೂರಿನ ಹೋಟೆಲುಗಳಲ್ಲಿ ದಿನಾ ದೋಸೆ ಹಿಟ್ಟು ಕಲಸುವವರ ಕೈಯನ್ನು ಯಾರಾದರೂ ಬಂದು ನೋಡಿದ್ದರೆ ನಮ್ಮದೂ ಒಂದು ಬ್ರ್ಯಾಂಡ್ ಆಗುತ್ತಿತ್ತೇನೋ. ಆ ನೀರು ಕೆಟ್ಟದ್ದಲ್ಲ, ಬೆಲೆ ನಮ್ಮದಲ್ಲ.

ಪಟ್ಟಿಯಲ್ಲಿ ‘ಬೆಳ್ಳಗಾಗುವ’ ಸಾಮಾನು ಎರಡಿವೆ, ಅವನ್ನು ಹೊಡೆದುಹಾಕು. ಜಪಾನಿನದ್ದೆಂದರೆ ಕಣ್ಣುಮುಚ್ಚಿ ನಂಬಬಹುದು ಅಂತೇನಿಲ್ಲ. 2013ರ ಜುಲೈನಲ್ಲಿ ಕಾನೆಬೊ ಎಂಬ ದೊಡ್ಡ ಕಂಪನಿ ತನ್ನ ಬೆಳ್ಳಗಾಗಿಸುವ ಕ್ರೀಮು, ಲೋಷನ್ನುಗಳನ್ನು ಮಾರುಕಟ್ಟೆಯಿಂದ ವಾಪಸು ಕರೆಸಿಕೊಂಡಿತು. ರೊಡೊಡೆನಾಲ್ ಎಂಬ ಅದರ ಹೊಸ ವಸ್ತು ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳನ್ನೇ ಕೆಡಿಸಿ, ಸಾವಿರಾರು ಹೆಂಗಸರ ಮುಖ, ಕೈಗಳ ಮೇಲೆ ತೊನ್ನಿನಂಥ ಮಚ್ಚೆ ಎಬ್ಬಿಸಿತ್ತು. ಮದುವೆ ಗೊತ್ತಾದ ಹುಡುಗಿ ‘ಒಂದು ತಿಂಗಳಲ್ಲಿ ಬೆಳ್ಳಗೆ ಮಾಡಕ್ಕ’ ಅಂತ ಬಂದು ಕೂತರೆ, ನಿನ್ನ ಲಾಭ ಹೋದರೂ ಹೋಗಲಿ, ಆಗಲ್ಲ ಅಂತಲೇ ಹೇಳು.

ಇನ್ನು ಸೆಂಟು. ಒಂದು ಸಕುರಾ, ಅದರ ಕಥೆ ಆಯಿತು. ಇನ್ನೊಂದು ಕ್ಯಾರಮೆಲ್, ವೆನಿಲ್ಲಾ ಸೇರಿದ ಸಿಹಿ ಸೆಂಟು. ಈ ಜಾತಿಯ ದೊಡ್ಡಮ್ಮ 1992ರ ಏಂಜೆಲ್, ಫ್ರಾನ್ಸಿನ ಮ್ಯೂಗ್ಲರ್‌ನದ್ದು. ಎಥೈಲ್ ಮಾಲ್ಟಾಲ್ ಎಂಬ ವಸ್ತುವನ್ನು ಧಾರಾಳವಾಗಿ ಸುರಿದು ಮಾಡಿದ್ದು. ಅದರ ವಾಸನೆ ಹೇಗಿರುತ್ತದೆ ಅಂತ ನಿನಗೆ ಹೇಳಿಕೊಡಬೇಕಾಗಿಲ್ಲ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿದು ಕುದಿದು ಪಾಕ ಏರುವ ಹೊತ್ತಿಗೆ ಆಲೆಮನೆಯಿಂದ ರಸ್ತೆಗೆ ಬರುತ್ತದಲ್ಲ ಒಂದು ಘಮ, ಅದರ ಹತ್ತಿರದ ನೆಂಟ. ಪ್ಯಾರಿಸ್ಸಿನವರಿಗೆ ಅದು ಕನಸು. ಮದ್ದೂರು ತಾಲ್ಲೂಕಿನವರಿಗೆ ಬಸ್ಸಿನ ಕಿಟಕಿಯಲ್ಲಿ ಪುಕ್ಕಟೆ. ಏಪ್ರಿಲ್ಲಿನ ಸೆಕೆಯಲ್ಲಿ ಅದನ್ನು ಹೊಡೆದುಕೊಂಡು ಮಂಟಪದಲ್ಲಿ ಕೂತರೆ ಪಕ್ಕದವರಿಗೆ ತಲೆನೋವು. ಡಿಸೆಂಬರಿನ ಚಳಿಗಾದರೆ ಅಡ್ಡಿಯಿಲ್ಲ.

ಮತ್ತೂ ಒಂದು ವಿಷಯ. ‘ಓ ದ ಪರ್ಫಮ್’ ಅಂತ ಬರೆದಿರುವ ಸೀಸೆಯಲ್ಲಿ ಸುಗಂಧದ ಪಾಲು ಹೆಚ್ಚೆಂದರೆ ಐದನೇ ಒಂದು. ಉಳಿದದ್ದೆಲ್ಲ ಬಹುಪಾಲು ಆಲ್ಕೊಹಾಲ್. ಅದು ನಮ್ಮ ದೇಶದಲ್ಲಿ ಬಹುಕಾಲ ಹೆಚ್ಚಾಗಿ ಬರುತ್ತಿದ್ದದ್ದು ಕಬ್ಬಿನ ಕಾಕಂಬಿಯಿಂದ. 1933ರಲ್ಲಿ ಮಂಡ್ಯದಲ್ಲಿ ಮೈಷುಗರ್ ಹುಟ್ಟಿದಾಗಿನಿಂದ ಸಕ್ಕರೆಯ ಜೊತೆಗೆ ಕಾಕಂಬಿಯನ್ನೂ ಕಂಡ ಸೀಮೆ ನಿಮ್ಮದು. ಚಳಿದೇಶದಲ್ಲಿ ಆ ಆಲ್ಕೊಹಾಲ್ ನಿಧಾನಕ್ಕೆ ಹಾರುತ್ತದೆ, ನಮ್ಮಲ್ಲಿ ಕ್ಷಣದಲ್ಲಿ, ಮೇಲಿನ ಘಮವನ್ನೂ ಹೊತ್ತುಕೊಂಡು. ಹಾಗಾಗಿ ಬೇಸಿಗೆಯಲ್ಲಿ ಮೊದಲು ಚೂರು ಕೊಬ್ಬರಿ ಎಣ್ಣೆ ಸವರಿ ಅದರ ಮೇಲೆ ಹಾಕು, ಕೊಂಚ ಹೊತ್ತು ನಿಲ್ಲುತ್ತದೆ. ರೇಷ್ಮೆ ಸೀರೆಗೆ ಮಾತ್ರ ತಾಗಿಸಬೇಡ, ಕಲೆ ಬೀಳುತ್ತದೆ.

ನನ್ನನ್ನು ಕೇಳಿದರೆ ಚೈತ್ರ, ವೈಶಾಖದ ಮದುಮಗಳಿಗೆ ಸೆಂಟೇ ಬೇಡ. ಮಲ್ಲಿಗೆ, ಜಾಜಿಗಳ ಗುಣ ನಿನಗೆ ಗೊತ್ತೇ ಇದೆ. ಗಿಡದಿಂದ ಕಿತ್ತ ಮೇಲೂ ಪರಿಮಳ ಹೊರಡುತ್ತಲೇ ಇರುತ್ತದೆ, ಮೊಗ್ಗು ಬಿರಿಯುವುದೇ ಸಂಜೆಗೆ. ನಿಮ್ಮ ಕಡೆ ಆರತಕ್ಷತೆಯೂ ಹಿಂದಿನ ದಿನದ ಸಂಜೆಗೇ. ಯಾವ ಸೀಸೆಯೂ ಇಷ್ಟು ಸರಿಯಾಗಿ ಹೊತ್ತು ಕಾಯುವುದಿಲ್ಲ. ಕೊಯಮತ್ತೂರು, ಮಧುರೆ ಕಡೆಯ ಹೂವಿನ ಸತ್ವ ತೆಗೆದು ಫ್ರಾನ್ಸಿನ ಸೆಂಟಿನ ಮನೆಗಳಿಗೆ ಕಳಿಸುತ್ತಾರೆ. ಒಂದು ಟನ್ ಹೂವಿಗೆ ಸಿಗುವ ಗಟ್ಟಿ ಸತ್ವ ಎರಡು ಮೂರು ಕಿಲೋ. ಅವರು ಆ ಸತ್ವವನ್ನು ಹನಿ ಲೆಕ್ಕದಲ್ಲಿ ಬಳಸುತ್ತಾರೆ, ನೀನು ಎರಡು ಮಾರು ಹೂವನ್ನೇ ಜಡೆಗೆ ಮುಡಿಸುತ್ತೀಯ. ಬೇಕೇ ಬೇಕು ಅಂದರೆ ಕಿವಿಯ ಹಿಂದೆ ಒಂದು ಚೂರು ಗಂಧ ತೇಯ್ದು ಹಚ್ಚು. ಜಪಾನಿನ ಧೂಪ ಮಾಡುವವರು ಮೈಸೂರು ಸೀಮೆಯ ಶ್ರೀಗಂಧಕ್ಕೆ ‘ರೋಜಾನ್’ ಅಂತ ಬೇರೆಯೇ ಹೆಸರಿಟ್ಟು, ಗಂಧಗಳಲ್ಲೆಲ್ಲ ಮೇಲಿನದು ಅಂತ ಎತ್ತಿಡುತ್ತಾರೆ.

ಕೊಳ್ಳುವಾಗ ನೋಡಬೇಕಾದ್ದನ್ನು ಬರೆದುಬಿಡುತ್ತೇನೆ. ಹೊರದೇಶದ ಸಾಮಾನು ಇಲ್ಲಿ ಮಾರಲು 2020ರ ಸೌಂದರ್ಯವರ್ಧಕ ನಿಯಮದ ಪ್ರಕಾರ ನೋಂದಣಿ ಆಗಿರಬೇಕು. ತರಿಸಿದವರ ಹೆಸರು, ವಿಳಾಸ, ನೋಂದಣಿ ಸಂಖ್ಯೆ ಡಬ್ಬಿ ಮೇಲೆ ಇರಬೇಕು. ಅದಿಲ್ಲದೆ ಅರ್ಧ ಬೆಲೆಗೆ ಸಿಕ್ಕರೆ ಅನುಮಾನಪಡು. ಜಪಾನಿನಿಂದ ನೇರವಾಗಿ ಯಾರಾದರೂ ತಂದುಕೊಟ್ಟ ಡಬ್ಬಿಯಲ್ಲಿ ಎಷ್ಟೋ ಸಲ ತಾರೀಖೇ ಕಾಣುವುದಿಲ್ಲ. ಅಲ್ಲಿನ ಕಾನೂನಿನಲ್ಲಿ, ಮುಚ್ಚಳ ತೆರೆಯದೆ ಮೂರು ವರ್ಷಕ್ಕಿಂತ ಹೆಚ್ಚು ಕೆಡದೆ ಇರುವಂಥದ್ದಕ್ಕೆ ತಾರೀಖು ಹಾಕಲೇಬೇಕು ಅಂತಿಲ್ಲ. ಹಾಗಾಗಿ ತೆರೆದ ದಿನವನ್ನು ನೀನೇ ಪೆನ್ನಿನಲ್ಲಿ ಬರೆದಿಡು. ಮಸ್ಕರಾವನ್ನು ಮೂರು ತಿಂಗಳಿಗೆ ಎಸೆ, ಇನ್ನೂ ಇದೆ ಅಂತ ಆಸೆಪಡಬೇಡ. ಒಬ್ಬಳ ಕಣ್ಣಿಗೆ ತಾಗಿದ ಕುಂಚ ಇನ್ನೊಬ್ಬಳಿಗೆ ಬೇಡ. ಬಳಸಿ ಎಸೆಯುವ ಕುಂಚಗಳು ಕಟ್ಟಿನಲ್ಲಿ ಸಿಗುತ್ತವೆ. ಹೊಸದು ಏನೇ ಆಗಲಿ, ಮದುವೆಗೆ ಒಂದು ವಾರ ಮುಂಚೆ ಹುಡುಗಿಯ ಮೊಣಕೈ ಒಳಭಾಗಕ್ಕೆ ಹಚ್ಚಿ ಎರಡು ದಿನ ನೋಡು.

ಅಲ್ಲಿಗೆ ಈ ಸಲದ ಲೆಕ್ಕ ಇಷ್ಟೇ: ಫಿಲ್ಮ್ ಮಸ್ಕರಾ, ನಾಲ್ಕು ಗುರುತಿನ ಸನ್‌ಸ್ಕ್ರೀನ್. ಮಿಕ್ಕ ದುಡ್ಡು ಆಗಸ್ಟಿಗೆ. ಅಕ್ಕನ ಮಗಳಿಗೆ ನನ್ನ ಹೆಸರು ಹೇಳಿ ಬೈಸಿಕೋ, ಪರವಾಗಿಲ್ಲ. ಮಸ್ಕರಾ ಮಾತ್ರ ಒಂದು ಹೆಚ್ಚಿಗೆ ತರಿಸು, ಈ ವೈಶಾಖದಲ್ಲಿ ನನ್ನ ತಂಗಿ ಮಗಳದೂ ಮದುವೆ. ಎಷ್ಟಾಯಿತು ಅಂತ ಹೇಳಿದರೆ ಫೋನ್‌ಪೇ ಮಾಡುತ್ತೇನೆ.

ಇಂತಿ,
ನಿನ್ನ ಅಕ್ಕ